ಮರಳ ಚೀಲದ ಮದ್ದು

ರಂಗನತಿಟ್ಟಿನ ನಡುಗಡ್ಡೆಗಳು ಪ್ರವಾಹಕ್ಕೆ ಸಿಕ್ಕಿ ಸವೆದರೆ ಮರಳಿನ ಚೀಲ ಪೇರಿಸಿ ಕಟ್ಟಿದರಾಯಿತು, ನಾಲ್ಕು ಸಸಿ ನೆಟ್ಟರಾಯಿತು, ಹಕ್ಕಿಗಳು ತಾವಾಗಿಯೇ ಬಂದು ಗೂಡು ಕಟ್ಟಿಕೊಳ್ಳುತ್ತವೆ ಎಂಬ ಸಮಾಧಾನವೊಂದು ನಮ್ಮಲ್ಲಿ ಬೇರೂರಿಬಿಟ್ಟಿದೆ. ಸೆಳವಿನ ಹೊಳೆಯಲ್ಲಿ ನಿಂತು ಚೀಲ ಹೊರುವವರ ದುಡಿಮೆಯನ್ನು ನಾನು ಹಳಿಯಲಾರೆ. ಆದರೆ ಬೇನೆ ಇರುವುದು ಕನ್ನಂಬಾಡಿಯ ತೂಬಿನಲ್ಲಿ. ಮದ್ದು ಹಚ್ಚುತ್ತಿರುವುದು ಅದರ ಕೆಳಗಿನ ತಿಟ್ಟಿಗೆ.

ಹೀಗೆಂದ ಮಾತ್ರಕ್ಕೆ ಅಣೆಕಟ್ಟೆಗಳನ್ನೆಲ್ಲ ಒಡೆದು ನದಿಯನ್ನು ಸ್ವಚ್ಛಂದವಾಗಿ ಬಿಡಿ ಎನ್ನುವ ಪಂಥಕ್ಕೆ ನನ್ನನ್ನು ಯಾರೂ ಸೇರಿಸಬೇಕಾಗಿಲ್ಲ. ಆ ವಾದವನ್ನು ರಂಗನತಿಟ್ಟೇ ಒಪ್ಪುವುದಿಲ್ಲ. 1645ರಿಂದ 1648ರೊಳಗೆ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದಲೇ ಈ ನಡುಗಡ್ಡೆಗಳು ಹುಟ್ಟಿದವು. ಕಟ್ಟೆ ಕಟ್ಟಿದ್ದು ಮನುಷ್ಯನ ಗದ್ದೆಗಾಗಿ. ಪಾಲು ಹಕ್ಕಿಗೂ ದಕ್ಕಿತು. 1940ರಲ್ಲಿ ಸಲೀಂ ಅಲಿಯವರು ಇದನ್ನು ಕಂಡು ಮಹಾರಾಜರಿಗೆ ಹೇಳಿ ಪಕ್ಷಿಧಾಮ ಮಾಡಿಸಿದರು. 2022ರಲ್ಲಿ ರಾಮ್ಸಾರ್ ಪಟ್ಟಿಯನ್ನು ಸೇರಿದ ಕರ್ನಾಟಕದ ಮೊದಲ ಜೌಗುನೆಲವೂ ಇದೇ. (ಜೌಗು ಎಂದೊಡನೆ ನಮ್ಮವರಿಗೆ ಸೊಳ್ಳೆ, ಕೆಸರು, ಬರಡು ಜಾಗ ನೆನಪಾಗುತ್ತದೆ. ಗಜನಿ, ಕೆರೆಯಂಗಳ, ತಿಟ್ಟು ಎಂದು ಒಂದೊಂದನ್ನೂ ಬೇರೆಬೇರೆ ಹೆಸರಿಟ್ಟು ಕರೆದ ಭಾಷೆಗೆ ಈ ಒಂದೇ ಪದ ಸಾಲದು. ಆ ಜಗಳ ಇನ್ನೊಂದು ದಿನಕ್ಕಿರಲಿ.)

"ನೆರೆ ಹಿಂದೆಯೂ ಬರುತ್ತಿತ್ತಲ್ಲ, 1924ರದನ್ನು ಮರೆತಿರಾ?" ಎಂದು ಕೇಳುವವರಿದ್ದಾರೆ. ಮರೆತಿಲ್ಲ. ತಡೆಯಿಲ್ಲದ ಹೊಳೆಗೂ ಕದವಿರುವ ಹೊಳೆಗೂ ನಡೆಯಲ್ಲಿ ಅಂತರವುಂಟು. ಕೊಡಗಿನ ಮಳೆಯನ್ನು ಜಲಾಶಯವು ಮೊದಮೊದಲು ನುಂಗಿಕೊಳ್ಳುತ್ತದೆ. 124.80 ಅಡಿ ತುಂಬಿತೆಂದರೆ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸುತ್ತಾರೆ. ನಾವೆಲ್ಲ ಪತ್ರಿಕೆಯಲ್ಲಿ ಚಿತ್ರ ನೋಡಿ ಹಿಗ್ಗುತ್ತೇವೆ. ಅಂದಿನಿಂದ ಅಣೆಕಟ್ಟಿನಲ್ಲಿ ನೆರೆಯನ್ನು ತಡೆಯಲು ತೆರಪೇ ಇಲ್ಲ. ಆಮೇಲಿನ ಮಳೆಯಷ್ಟೂ ಬಂದಂತೆಯೇ ಹೊರಬೀಳಬೇಕು. 2018ರಲ್ಲಿ, 2019ರಲ್ಲಿ, ಮತ್ತೆ 2024ರಲ್ಲಿ ಲಕ್ಷ ಕ್ಯೂಸೆಕ್ಕಿಗೂ ಮೀರಿ ನೀರು ಹೀಗೆ ಕೆಳಗಿಳಿಯಿತು. ಆ ಹೊತ್ತಿಗೆ ಕೊಕ್ಕರೆಗಳ ಬಹುಪಾಲು ಮರಿಗಳು ಹಾರಿಹೋಗಿರುತ್ತವೆ, ನಿಜ. ಆದರೆ ಅವುಗಳ ಮನೆಯ ಅಡಿಪಾಯ ಕರಗುತ್ತದೆ. ಹೊಳೆಮತ್ತಿ ಬೇರುಬಿಟ್ಟ ಮಣ್ಣನ್ನು ಮರಳಿನ ಚೀಲ ಹಿಂದಕ್ಕೆ ತಂದುಕೊಡಲಾರದು.

ಬೇಗ ತುಂಬಿಸುವುದು ತಪ್ಪೆ? ಮಂಡ್ಯದ ರೈತನನ್ನು ಕೇಳಿದರೆ ತಪ್ಪಲ್ಲವೆನ್ನುತ್ತಾನೆ, ಮತ್ತು ಅವನ ಮಾತಿನಲ್ಲಿ ಹುರುಳಿದೆ. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ. ಮರುವರ್ಷ ಉಕ್ಕಿ ಹರಿಯಿತು. 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿಬಿಟ್ಟಿತು. ಭೂಮಿಯ ಬಿಸಿ ಏರಿದಂತೆ ಮಳೆಯ ದಿನಗಳು ಒತ್ತಾಗಿ, ಒಣದಿನಗಳು ಉದ್ದವಾಗಿ ಬರುವವೆಂದು ತಜ್ಞರು ಹೇಳುತ್ತಿರುವಾಗ, ಪಂಚಾಂಗದ ಮಳೆಯನ್ನು ನಂಬಿದ ಕಾಲದ ಅಭ್ಯಾಸದಲ್ಲೇ ಕದ ತೆರೆಯುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಬರುವ ವಾರ ಕೊಡಗಿನಲ್ಲಿ ಎಷ್ಟು ಮಳೆಯೆಂಬ ಮುನ್ಸೂಚನೆ ಈಗ ಎಲ್ಲರ ಕೈಯಲ್ಲಿದೆ. ಅದನ್ನು ನೋಡಿ ಒಂದೆರಡು ಅಡಿ ಮೊದಲೇ ಇಳಿಸಿಕೊಂಡರೆ ರೈತನ ನೀರೂ ಉಳಿಯುತ್ತದೆ, ಸೆಳವಿನ ಮೊನೆಯೂ ಮೊಂಡಾಗುತ್ತದೆ.

ಜನ ಮಾತಾಡದಿರುವುದು ಬೇಸಗೆಯ ಕಥೆಯನ್ನು. ಹೊಳೆ ಬತ್ತಿ ಬಂಡೆಗಳು ತಲೆಯೆತ್ತಿದಾಗ ರೀವ ಹಕ್ಕಿ ಬರಿಯ ಕಲ್ಲಿನ ಮೇಲೆ ಮೊಟ್ಟೆಯಿಡುತ್ತದೆ. ಮೊಸಳೆ ದಡದ ಮರಳಲ್ಲಿ ಹೂಳುತ್ತದೆ. ಮೇಲಿನಿಂದ ಏಕಾಏಕಿ ಒಂದು ಮೊಳ ನೀರು ಏರಿದರೆ ಆ ವರ್ಷದ ಸಂತಾನ ಮುಗಿಯಿತು. ಅದಕ್ಕೆ ಲಕ್ಷ ಕ್ಯೂಸೆಕ್ ಬೇಡ.

ಇದಕ್ಕೆ ನ್ಯಾಯ ದೊರಕಿಲ್ಲವೆ? ಲೆಕ್ಕದಲ್ಲಿ ದೊರಕಿದೆ. 2007ರ ನ್ಯಾಯಮಂಡಳಿ ಕಾವೇರಿಯ 740 ಟಿ.ಎಂ.ಸಿ. ಅಡಿಯಲ್ಲಿ 10ನ್ನು ಪರಿಸರಕ್ಕೆಂದು ಮೀಸಲಿಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮುಟ್ಟಲಿಲ್ಲ. ಬಿಳಿಗುಂಡ್ಲುವಿನಲ್ಲಿ ಫೆಬ್ರವರಿಯಿಂದ ಮೇ ತನಕ ತಿಂಗಳಿಗೆ ಎರಡೂವರೆ ಟಿ.ಎಂ.ಸಿ. ಹರಿಯಬೇಕೆಂಬ ಗೊತ್ತುಪಾಡೂ ಇದೆ. ಆದರೆ ಅಳೆಯುವುದು ಗಡಿಯಲ್ಲಿ, ಎಣಿಸುವುದು ತಿಂಗಳಿಗೆ. ಎರಡೂವರೆ ಟಿ.ಎಂ.ಸಿ.ಯನ್ನು ತಿಂಗಳುದ್ದಕ್ಕೂ ಹಂಚಿ ಬಿಟ್ಟರೆ ಸುಮಾರು 950 ಕ್ಯೂಸೆಕ್. ಐದೇ ದಿನದಲ್ಲಿ ಬಿಟ್ಟು ಕದ ಮುಚ್ಚಿದರೆ 5,800ರ ಹತ್ತಿರ. ಗುಮಾಸ್ತೆಯ ಪುಸ್ತಕದಲ್ಲಿ ಎರಡೂ ಒಂದೇ ಮೊತ್ತ. ಬಂಡೆಯ ಮೇಲಿನ ಮೊಟ್ಟೆಗೆ ಒಂದರಲ್ಲಿ ಬದುಕು, ಇನ್ನೊಂದರಲ್ಲಿ ಸಾವು.

ಎರಡು ರಾಜ್ಯಗಳು ದಶಕಗಟ್ಟಲೆ ವಕೀಲರನ್ನಿಟ್ಟು ಹನಿಹನಿಗೆ ಹೋರಾಡಿದವು. ನಮ್ಮ ಪಾಲಿಗಾಗಿ ನಾವು ಬೀದಿಗಿಳಿದದ್ದೂ ಉಂಟು. ಈಗ ನಾನು ಕೇಳುತ್ತಿರುವುದಕ್ಕೆ ತಮಿಳುನಾಡಿನ ಒಪ್ಪಿಗೆ ಬೇಡ, ಹೊಸ ತೀರ್ಪೂ ಬೇಡ, ಹೆಚ್ಚಿಗೆ ಒಂದು ಹನಿಯೂ ಬೇಡ. ಹೇಗೂ ಬಿಡಲೇಬೇಕಾದ ನೀರನ್ನು ಬೇಸಗೆಯಲ್ಲಿ ದಿನಕ್ಕಿಷ್ಟೆಂದು ಸಮವಾಗಿ ಬಿಡಲಿ. ಏರಿಸುವಾಗ ಗಂಟೆಗಿಷ್ಟಕ್ಕಿಂತ ಮೇಲೆ ಏರಿಸಬಾರದೆಂಬ ಕಟ್ಟಳೆಯನ್ನು ನೀರಾವರಿಯವರೂ ಅರಣ್ಯದವರೂ ಒಂದೇ ಮೇಜಿನಲ್ಲಿ ಕೂತು ಬರೆದುಕೊಳ್ಳಲಿ. ಜಲಾಶಯದ ಮಟ್ಟವನ್ನು ದಿನವೂ ಅಚ್ಚುಹಾಕುವ ಪತ್ರಿಕೆಗಳು ಅದರ ಪಕ್ಕದಲ್ಲೇ ರಂಗನತಿಟ್ಟಿನ ಹೊಳೆಯ ಮಟ್ಟವನ್ನೂ ಹಾಕಲಿ.