ತಾತನ ಬೈಕಿನ ಲೆಕ್ಕ

ಮಕ್ಕಳೇ, ಈ ವಾರ ಒಂದು ಚೂರು ಸೀಮೆಸುಣ್ಣ, ಒಂದು ಅಳತೆ ಟೇಪು ಹಿಡಿದುಕೊಂಡು ತಾತನ ಹಳೇ ಬೈಕಿನ ಹತ್ತಿರ ಹೋಗಿ. ಬೈಕಿಲ್ಲದ ಮನೆಯವರಿಗೆ ಸೈಕಲ್ಲಾದರೂ ಆದೀತು. ತಾತನನ್ನೂ ಜೊತೆಗೆ ಕರೆದುಕೊಳ್ಳಿ. ಏಕೆಂದರೆ ನಾನು ಇವತ್ತು ಬಿಡಿಸಲು ಹೊರಟಿರುವುದು ತಾತ-ಮೊಮ್ಮಕ್ಕಳ ಜಗಳವನ್ನೇ.

ಈ ಜಗಳ ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಮೊಮ್ಮಗನಿಗೆ ಹದಿನೆಂಟು ತುಂಬಿ ಲೈಸೆನ್ಸ್ ಬಂದಿರುತ್ತದೆ. ಮೂಲೆಯಲ್ಲಿದ್ದ ತಾತನ ಬೈಕನ್ನು ಒರೆಸಿ, ರಿಪೇರಿ ಮಾಡಿಸಿ, ಹೈವೇಗೆ ಹೊರಡುತ್ತಾನೆ. “ಅರವತ್ತು ದಾಟಿಸಬೇಡ ಕಣೋ” ಎನ್ನುತ್ತಾರೆ ತಾತ. “ಮೀಟರಿನಲ್ಲಿ ಅದರ ಮೇಲೂ ಅಷ್ಟೊಂದು ಅಂಕಿ ಇವೆಯಲ್ಲ ತಾತ, ಸುಮ್ಮನೆ ಹೆದರುತ್ತೀರಿ” ಎನ್ನುತ್ತಾನೆ ಇವನು. ಯಾರ ಮಾತು ಸರಿ? ಲೆಕ್ಕ ಹಾಕಿ ನೋಡೋಣ.

ಮೊದಲು ಚಕ್ರ. ಟೈರಿನ ಮೇಲೆ ನೆಲ ಮುಟ್ಟುವ ಕಡೆ ಸೀಮೆಸುಣ್ಣದಿಂದ ಒಂದು ಗೀಟು ಎಳೆಯಿರಿ, ನೆಲದ ಮೇಲೂ ಒಂದು. ಇಂಜಿನ್ ಆಫ್ ಇರಲಿ, ಬೈಕು ನ್ಯೂಟ್ರಲ್‌ನಲ್ಲಿರಲಿ, ದೊಡ್ಡವರು ಹ್ಯಾಂಡಲ್ ಹಿಡಿದು ಮುಂದೆ ತಳ್ಳಲಿ. ಗೀಟು ಒಂದು ಸುತ್ತು ಬಂದು ಮತ್ತೆ ನೆಲ ಮುಟ್ಟಿದಲ್ಲಿ ಇನ್ನೊಂದು ಗುರುತು ಹಾಕಿ ಅಳೆಯಿರಿ. ಹಳೇ ಬುಲೆಟ್ 350ರ ಚಕ್ರವಾದರೆ ಹೆಚ್ಚು ಕಡಿಮೆ 2 ಮೀಟರ್ ಬರುತ್ತದೆ.

ಈಗ ವೇಗ. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್, ಅಂದರೆ 1000 ಮೀಟರ್. ಚಕ್ರದ ಒಂದು ಸುತ್ತಿಗೆ 2 ಮೀಟರ್ ಆದರೆ ನಿಮಿಷಕ್ಕೆ 500 ಸುತ್ತು. ಆ ಬೈಕಿನಲ್ಲಿ ಟಾಪ್ ಗೇರಿನಲ್ಲಿದ್ದಾಗ ಚಕ್ರ ಒಂದು ಸುತ್ತು ಬರಬೇಕಾದರೆ ಇಂಜಿನ್ ಸುಮಾರು ಐದು ಸುತ್ತು ತಿರುಗಬೇಕು. ಐನೂರು ಇಂಟು ಐದು, 2500. ಮೆಕ್ಯಾನಿಕ್‌ಗಳು ಆರ್‌ಪಿಎಂ ಎನ್ನುವುದು ಇದನ್ನೇ: ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು.

ಸೈಕಲ್ಲಿನಲ್ಲಿ ಇದು ತಲೆಕೆಳಗು. ಪೆಡಲನ್ನು ಒಂದು ಸುತ್ತು ತಿರುಗಿಸಿ ಹಿಂದಿನ ಚಕ್ರ ಎಣಿಸಿ, ಎರಡು ಸುತ್ತಿಗೂ ಹೆಚ್ಚು ಬಂದಿರುತ್ತದೆ. ನಮ್ಮ ಕಾಲಿಗೆ ಬಲವಿದೆ, ಆದರೆ ಬೇಗ ಬೇಗ ತಿರುಗಿಸಲು ಆಗದು. ಇಂಜಿನ್ ಹಾಗಲ್ಲ. ಅದು ಸಣ್ಣ ಸಣ್ಣ ಏಟುಗಳನ್ನು ಬಹಳ ಬೇಗ ಹೊಡೆಯುತ್ತದೆ. ಆ ಏಟುಗಳನ್ನೆಲ್ಲ ಕೂಡಿಸಿ ಚಕ್ರಕ್ಕೆ ಬಲವಾಗಿ ಒಪ್ಪಿಸುವ ಕೆಲಸ ಗೇರು ಮತ್ತು ಚೈನಿನದು.

ಇನ್ನು ಇಂಜಿನ್ ಒಳಗೆ ಇಣುಕೋಣ. ಅಲ್ಲಿ ಪಿಸ್ಟನ್ ಎಂಬ ಲೋಹದ ಲೋಟ ಮೇಲೆ ಕೆಳಗೆ ಓಡಾಡುತ್ತದೆ. ಹಳೇ ಬುಲೆಟ್ 350ರಲ್ಲಿ ಅದರ ಅಗಲ 70 ಮಿಲಿಮೀಟರ್, ಅದು ಓಡಾಡುವ ದಾರಿ 90 ಮಿಲಿಮೀಟರ್. ಇಂಜಿನ್ ಒಂದು ಸುತ್ತು ತಿರುಗಿದರೆ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಟ್ಟು 180 ಮಿಲಿಮೀಟರ್ ಹೋಗುತ್ತದೆ. ಗುಣಿಸಿ ನೋಡಿ. ಬೈಕು 60 ಕಿಲೋಮೀಟರ್ ಹೋಗುವಷ್ಟರಲ್ಲಿ ಪಿಸ್ಟನ್ ಆ ಗೇಣುದ್ದವೂ ಇಲ್ಲದ ಕೊಳವೆಯಲ್ಲೇ 27 ಕಿಲೋಮೀಟರ್ ಓಡಾಡಿರುತ್ತದೆ! ಬೆಂಗಳೂರಿನಿಂದ ಮೈಸೂರಿಗೆ ಬೈಕು ತಲುಪುವ ಹೊತ್ತಿಗೆ ಪಿಸ್ಟನ್ ಒಂದೇ ಕಡೆ ಏರಿಳಿದೇ ಚನ್ನಪಟ್ಟಣ ದಾಟುವಷ್ಟು ನಡೆದಿರುತ್ತದೆ.

ಸುಮ್ಮನೆ ನಡೆಯುವುದೂ ಅಲ್ಲ. ಪ್ರತಿ ಸಲ ತುದಿ ಮುಟ್ಟಿದಾಗಲೂ ನಿಲ್ಲಬೇಕು, ತಿರುಗಬೇಕು, ಮತ್ತೆ ಓಡಬೇಕು. ಶಾಲೆಯ ಮೈದಾನದಲ್ಲಿ ಆ ಗೆರೆಯಿಂದ ಈ ಗೆರೆಗೆ ಓಡುವ ಆಟ ಆಡಿದ್ದೀರಲ್ಲ? ಸುಸ್ತಾಗುವುದು ಓಟಕ್ಕಿಂತ ಹೆಚ್ಚಾಗಿ ಗೆರೆಯ ಹತ್ತಿರ ಗಕ್ಕನೆ ತಿರುಗುವುದರಿಂದ.

ತಾತನ ಮಾತಿನ ಗುಟ್ಟು ಇರುವುದು ಇಲ್ಲೇ. ವೇಗವನ್ನು 60ರಿಂದ 90ಕ್ಕೆ ಏರಿಸಿದರೆ ಅದು ಒಂದೂವರೆ ಪಟ್ಟು. ಹಳೇ ಬೈಕಿನಲ್ಲಿ ಇರುವುದು ನಾಲ್ಕೇ ಗೇರು, ನಾಲ್ಕನೆಯದು ಮುಗಿದ ಮೇಲೆ ಇನ್ನೊಂದಿಲ್ಲ. ಹಾಗಾಗಿ ಇಂಜಿನ್ ಸುತ್ತೂ ಒಂದೂವರೆ ಪಟ್ಟಾಗಲೇಬೇಕು, 2500 ಇದ್ದದ್ದು 3750. ಆದರೆ ಪಿಸ್ಟನ್ನನ್ನು ತಡೆದು ತಿರುಗಿಸಲು ಬೇಕಾಗುವ ಬಲ ಒಂದೂವರೆ ಪಟ್ಟು ಏರುವುದಿಲ್ಲ. ಒಂದೂವರೆ ಇಂಟು ಒಂದೂವರೆ, ಎರಡೂಕಾಲು ಪಟ್ಟು ಏರುತ್ತದೆ. ಎದುರು ಗಾಳಿ ತಡೆಯುವ ಬಲವೂ ಹೀಗೆಯೇ ಎರಡೂಕಾಲು ಪಟ್ಟು. ಒಳಗೊಂದು, ಹೊರಗೊಂದು, ಎರಡು ಹೊರೆ ಒಟ್ಟಿಗೆ ಬಿದ್ದಂತೆ. ಹ್ಯಾಂಡಲ್ ಹಿಡಿದ ಕೈ ಜೋಮು ಹಿಡಿಯುವುದು, ನಂಬರ್ ಪ್ಲೇಟಿನ ನಟ್ಟು ದಾರಿಯಲ್ಲೇ ಉದುರುವುದು, ಪೆಟ್ರೋಲ್ ಬೇಗ ಮುಗಿಯುವುದು ಎಲ್ಲ ಇದರಿಂದಲೇ.

ಹಾಗಾದರೆ ಜಾಸ್ತಿ ಸುತ್ತು ತಿರುಗುವ ಇಂಜಿನ್ ಕೆಟ್ಟದ್ದೇ? ಅಲ್ಲ. 1985ರಲ್ಲಿ ನಮ್ಮ ರಸ್ತೆಗಿಳಿದ ಯಮಹಾ ಆರ್‌ಎಕ್ಸ್ 100 ತನ್ನ ಪೂರ್ತಿ ಶಕ್ತಿ ತೋರಿಸುತ್ತಿದ್ದುದೇ 7500 ಆರ್‌ಪಿಎಂನಲ್ಲಿ. ಅದರ ಪಿಸ್ಟನ್ ಪುಟ್ಟದು, ಹಗುರ, ಓಡಾಡುವ ದಾರಿ ಬರೀ 50 ಮಿಲಿಮೀಟರ್. ಮೇಲಾಗಿ ಅದು ಟೂ-ಸ್ಟ್ರೋಕ್, ಪ್ರತಿ ಸುತ್ತಿಗೂ ಒಂದು ಸಿಡಿತ. ಬುಲೆಟ್ಟು ಫೋರ್-ಸ್ಟ್ರೋಕ್, ಎರಡು ಸುತ್ತಿಗೆ ಒಂದೇ ಸಿಡಿತ. 60ರ ವೇಗದಲ್ಲಿ ಬುಲೆಟ್ಟಿನಲ್ಲಿ ಸೆಕೆಂಡಿಗೆ ಸುಮಾರು 21 ಸಿಡಿತ, ಆರ್‌ಎಕ್ಸ್ ಪೂರ್ತಿ ರೇಸ್ ಆದಾಗ 125. ಒಂದು ‘ಡುಗು ಡುಗು’ ಎನ್ನುವುದು, ಇನ್ನೊಂದು ‘ರೊಂಯ್’ ಎನ್ನುವುದು ಯಾಕೆಂದು ಈಗ ತಿಳಿಯಿತಲ್ಲ? ಆನೆ ನಡಿಗೆ ಆನೆಗೆ, ಕುದುರೆ ಓಟ ಕುದುರೆಗೆ.

ಟೂ-ಸ್ಟ್ರೋಕ್ ಎಂದಾಗ ಮೈಸೂರಿನ ಹೆಸರು ಹೇಳದಿರಲಾದೀತೇ? ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ತಯಾರಾದವು. ಕಿಕ್ಕರೂ ಗೇರೂ ಒಂದೇ ಕೋಲಿನಲ್ಲಿ! ಹೇಗೆಂದು ತಾತನನ್ನೇ ಕೇಳಿ, ಖುಷಿಯಿಂದ ತೋರಿಸುತ್ತಾರೆ. ಇಂಥ ಬೈಕುಗಳಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಬೇಕಿತ್ತು. ಪೆಟ್ರೋಲ್ ಒಳಗೆ ಹೋದರೆ ಮಾತ್ರ ಆಯಿಲ್ ಒಳಗೆ ಹೋದಂತೆ. ಹಾಗಿರುವಾಗ ಬೈಕು ಜೋರಾಗಿ ಓಡುತ್ತಿದ್ದು, ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟುಬಿಟ್ಟರೆ? ಚಕ್ರ ಇಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ, ಪಿಸ್ಟನ್‌ಗೆ ಮಾತ್ರ ಆಯಿಲ್ ಸಾಲದು. ಕಾದ ಪಿಸ್ಟನ್ ಹಿಗ್ಗಿ ಕೊಳವೆಗೆ ಕಚ್ಚಿಕೊಳ್ಳುತ್ತದೆ. ಇದಕ್ಕೇ ‘ಸೀಜ್ ಆಯಿತು’ ಎನ್ನುವುದು. ಹಿಂದಿನ ಚಕ್ರ ಗಕ್ಕನೆ ನಿಂತು ಬೈಕು ಜಾರುತ್ತದೆ.

ನಾನು ಚಿಕ್ಕವನಿದ್ದಾಗ ಸೋದರಮಾವನ ಟೂ-ಸ್ಟ್ರೋಕ್ ಬೈಕಿನ ಹಿಂದೆ ಕುಳಿತು ಶಿರಾಡಿ ಘಾಟಿ ಇಳಿದಿದ್ದೆ. ದಾರಿಯುದ್ದಕ್ಕೂ ಅವರ ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲೇ ಇದ್ದವು. ಒಂದು ತಿರುವಿನಲ್ಲಿ ಸದ್ದು ಇದ್ದಕ್ಕಿದ್ದಂತೆ ಬಿಗಿಯಿತು. ಮಾವ ಆ ಕ್ಷಣವೇ ಕ್ಲಚ್ ಹಿಡಿದರು. ಚಕ್ರ ಬಿಡುಗಡೆಯಾಗಿ ಬೈಕು ನೆಟ್ಟಗೆ ಉರುಳಿತು, ಮೆಲ್ಲನೆ ಬ್ರೇಕ್ ಹಾಕಿ ಬದಿಗೆ ನಿಲ್ಲಿಸಿದರು. ಅರ್ಧ ಗಂಟೆ ಆರಿದ ಮೇಲೆ ಮತ್ತೆ ಕಿಕ್ ಹೊಡೆದರೆ ಶುರುವಾಯಿತು. ಅವರ ಬೈಕಿನಲ್ಲಿ ಆರ್‌ಪಿಎಂ ತೋರಿಸುವ ಮೀಟರ್ ಇರಲಿಲ್ಲ. ಅವರ ಕಿವಿಯೇ ಮೀಟರು.

ತಾತಂದಿರಿಗೂ ಒಂದು ಮಾತಿದೆ. ಪೆಟ್ರೋಲ್ ಉಳಿಯಲಿ ಎಂದು ಏರಿನಲ್ಲೂ ಟಾಪ್ ಗೇರಿನಲ್ಲೇ ಮೂವತ್ತಕ್ಕೆ ಎಳೆಸುವವರು ನಿಮ್ಮಲ್ಲಿ ಕೆಲವರಿದ್ದೀರಿ. ಸುತ್ತು ಅತಿ ಕಡಿಮೆಯಾದರೂ ಇಂಜಿನ್ನಿಗೆ ಹಿಂಸೆಯೇ. ಅದು ‘ಟಕ ಟಕ’ ಎಂದು ಬಡಿದುಕೊಳ್ಳುವುದು ಗೇರು ಇಳಿಸಿ ಎಂದು ಕೇಳಿಕೊಳ್ಳಲು. ಇದನ್ನು ಮೊಮ್ಮಕ್ಕಳು ಹೇಳಿದರೆ ಬೇಸರಿಸಬೇಡಿ.

ಇಂದಿನ ಬೈಕುಗಳಿಗೆ ಐದು, ಆರು ಗೇರುಗಳಿವೆ. ನಡುಕ ತಗ್ಗಿಸಲು ಇಂಜಿನ್ ಒಳಗೆ ಎದುರು ದಿಕ್ಕಿನಲ್ಲಿ ತಿರುಗುವ ತೂಕವನ್ನೂ ಕೂರಿಸಿರುತ್ತಾರೆ. ಹಳೇ ಬೈಕನ್ನು ಮಾಡಿದವರ ಕಣ್ಣ ಮುಂದಿದ್ದುದು ಮರಗಳ ಸಾಲಿನ ನಡುವಿನ ಕಿರಿದಾದ ರಸ್ತೆ, ಎತ್ತಿನಗಾಡಿಗಳ ರಸ್ತೆ. ಅಲ್ಲಿಗೆ ಐವತ್ತು ಅರವತ್ತು ಧಾರಾಳವಾಯಿತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ, ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ತಾತನ ಬೈಕಿಗೆ ಆ ರಸ್ತೆಯೇ ಸರಿ ಎನ್ನುತ್ತೇನೆ ನಾನು. ರಾಮನಗರದ ಬಂಡೆ ನೋಡುತ್ತಾ, ಮದ್ದೂರಿನಲ್ಲಿ ವಡೆ ತಿಂದು, ಇಂಜಿನ್ನಿಗೂ ಒಂದಿಷ್ಟು ಆರಲು ಬಿಟ್ಟು ಹೋಗಬಹುದು.

ಅಂತೂ ಲೆಕ್ಕ ತಾತನ ಕಡೆಗೇ ಬಂತು. ಆದರೆ ಬರೀ ‘ಬೇಡ’ ಎನ್ನುವ ಬದಲು ತಾತ ಈ ಲೆಕ್ಕವನ್ನು ಮೊದಲೇ ಹೇಳಿಕೊಟ್ಟಿದ್ದರೆ ಜಗಳವೇ ಇರುತ್ತಿರಲಿಲ್ಲ. ಮೊಮ್ಮಕ್ಕಳೇ, ನಿಮ್ಮ ಮನೆಯ ಬೈಕಿನ ಚಕ್ರ ಒಂದು ಸುತ್ತಿಗೆ ಎಷ್ಟು ದೂರ ಹೋಯಿತು, 60ರ ವೇಗದಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ಬಂತು ಎಂದು ನನಗೆ ಬರೆದು ಕಳಿಸಿ. ಹೆಲ್ಮೆಟ್ ಮಾತ್ರ ಯಾವ ವೇಗಕ್ಕೂ, ಯಾವ ಬೈಕಿಗೂ ಒಂದೇ ಲೆಕ್ಕ. ಮುಂದೆ ಕೂತವರಿಗೂ ಬೇಕು, ಹಿಂದೆ ಕೂತವರಿಗೂ ಬೇಕು.