ಸರದಿಯ ಲೆಕ್ಕ

‘ತಾಳಿದವನು ಬಾಳಿಯಾನು’ ಎಂಬುದು ನಮ್ಮ ಹಿರಿಯರ ಮಾತು. ಮಾತು ದೊಡ್ಡದು, ಸಂದೇಹವಿಲ್ಲ. ಆದರೆ ಸರಕಾರಿ ಆಸ್ಪತ್ರೆಯ ಪಡಸಾಲೆಯಲ್ಲಿ ಚೀಟಿ ಹಿಡಿದು ಕುಳಿತವನಿಗೆ ಈ ಗಾದೆಯನ್ನು ಉಪದೇಶಿಸುವವರು ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: ಎಷ್ಟು ದಿನ ತಾಳಬೇಕು? ಬಿತ್ತಿದ ರೈತನಿಗೆ ಕೊಯ್ಲಿನ ತಿಂಗಳು ಗೊತ್ತು. ರೈಲು ತಡವಾದರೆ ಎಷ್ಟು ತಡವೆಂಬುದನ್ನು ನಿಲ್ದಾಣದಲ್ಲಿ ಕೂಗಿ ಹೇಳುತ್ತಾರೆ. ಶಸ್ತ್ರಚಿಕಿತ್ಸೆಗೆಂದು ಹೆಸರು ಬರೆಸಿದ ಬಡರೋಗಿಗೆ ಮಾತ್ರ ‘ಮುಂದಿನ ವಾರ ಬಂದು ವಿಚಾರಿಸಿ’ ಎಂಬ ಒಂದೇ ಉತ್ತರ.

ವೈದ್ಯರನ್ನು ದೂಷಿಸುವುದು ಈ ಲೇಖನದ ಉದ್ದೇಶವಲ್ಲ. ರೋಗಿಗಳು ಹೆಚ್ಚು, ವೈದ್ಯರು ಕಡಿಮೆ. ಆದುದರಿಂದ ಕಾಯುವುದು ಅನಿವಾರ್ಯ. ಕಾಯಿಸುವುದು ಅಪರಾಧವೆಂದು ನಾನು ಹೇಳಲಾರೆ. ಎಷ್ಟು ಕಾಯಬೇಕೆಂಬುದನ್ನು ತಿಳಿಸದೆ ಕಾಯಿಸುವುದು ಅನ್ಯಾಯವೆಂದು ಮಾತ್ರ ಹೇಳಬಯಸುತ್ತೇನೆ.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ನಾನೇ ಮೊದಲು. ಕೂಲಿಯ ಮನೆಯಲ್ಲಿ ಆಸ್ಪತ್ರೆಯ ಒಂದು ದಿನವೆಂದರೆ ಏನೆಂಬುದನ್ನು ನಾನು ಪುಸ್ತಕದಿಂದ ಕಲಿಯಬೇಕಾಗಿ ಬಂದಿಲ್ಲ. ರೋಗಿಯ ಒಂದು ದಿನದ ಕೂಲಿ ಹೋಯಿತು. ಜೊತೆಗೆ ಹೋದವನ ಕೂಲಿಯೂ ಹೋಯಿತು. ಮೇಲೆ ಬಸ್ಸಿನ ಖರ್ಚು, ಹೋಟೆಲಿನ ಖರ್ಚು. ‘ಮೂರು ತಿಂಗಳಾಗುತ್ತದೆ’ ಎಂದು ಮೊದಲ ದಿನವೇ ತಿಳಿದರೆ ಆ ಮನೆಯವರು ಏನಾದರೊಂದು ಯೋಚನೆ ಮಾಡಿಯಾರು: ನೆರೆಯ ಜಿಲ್ಲೆಯ ಆಸ್ಪತ್ರೆಯಲ್ಲಿ ವಿಚಾರಿಸಿಯಾರು, ಸುಗ್ಗಿಯ ಕೆಲಸ ಮುಗಿಸಿ ಬಂದಾರು. ತಿಳಿಯದಿದ್ದರೆ ನಾಲ್ಕು ಸಲ ಅಲೆದು, ಐದನೆಯ ಸಲ ಬಡ್ಡಿಗೆ ಸಾಲ ತೆಗೆದು ಖಾಸಗಿ ನರ್ಸಿಂಗ್ ಹೋಮಿನ ಬಾಗಿಲು ತಟ್ಟುವರು. ಹಾಗೆಂದು ಆಸ್ಪತ್ರೆಯಲ್ಲಿ ಸರದಿಯ ಲೆಕ್ಕವೇ ಇಲ್ಲವೆಂದಲ್ಲ. ಹೆಸರು ಬರೆಸಿದ ದಿನಾಂಕ ಒಂದು ರಿಜಿಸ್ಟರಿನಲ್ಲಿದೆ, ಚಿಕಿತ್ಸೆಯಾದ ದಿನಾಂಕ ಮತ್ತೊಂದರಲ್ಲಿದೆ. ವಶೀಲಿಯುಳ್ಳವರು ಒಂದು ಫೋನು ಮಾಡಿ ಆ ಲೆಕ್ಕವನ್ನು ತಿಳಿದುಕೊಳ್ಳುತ್ತಾರೆ. ತಿಳಿಯದೆ ಉಳಿಯುವವರು ಯಾರಿಗೆ ಅದು ಎಲ್ಲರಿಗಿಂತ ಹೆಚ್ಚು ಅಗತ್ಯವೋ ಅವರೇ.

ಈ ವಿಷಯದಲ್ಲಿ ಕಾನೂನು ಮೌನವಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯೆಂದರೆ ಅರ್ಜಿ ಹಾಕುವ ಹಕ್ಕು ಎಂದಷ್ಟೇ ನಮ್ಮಲ್ಲಿ ಬಹುಮಂದಿ ತಿಳಿದಿರುತ್ತಾರೆ. ಅದರ 4ನೆಯ ಪ್ರಕರಣವನ್ನು ಓದಿದವರು ಕಡಿಮೆ. ಯಾರೂ ಕೇಳದೆಯೇ ಸಾರ್ವಜನಿಕ ಸಂಸ್ಥೆಗಳು ಪ್ರಕಟಿಸಬೇಕಾದ 17 ಬಗೆಯ ವಿವರಗಳನ್ನು ಅದು ಪಟ್ಟಿಮಾಡಿದೆ. ಕಚೇರಿಯು ತನ್ನ ಕೆಲಸಕ್ಕೆ ಹಾಕಿಕೊಂಡ ಪ್ರಮಾಣಗಳೂ ಅವುಗಳಲ್ಲಿ ಒಂದು. ಜನರು ಅರ್ಜಿ ಹಾಕುವ ಅಗತ್ಯವೇ ಆದಷ್ಟು ಕಡಿಮೆಯಾಗುವಂತೆ ಕಾಲಕಾಲಕ್ಕೆ ತಾನಾಗಿಯೇ ಮಾಹಿತಿ ಕೊಡುತ್ತಿರಬೇಕೆಂದೂ, ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದೂ ಅದೇ ಪ್ರಕರಣ ವಿಧಿಸುತ್ತದೆ. ಪ್ರಕಟಣೆಯ ಸಾಧನಗಳಲ್ಲಿ ನೋಟೀಸ್ ಬೋರ್ಡನ್ನೂ ಹೆಸರಿಸಿದೆ. ಆ 17ರಲ್ಲಿ ‘ಆಸ್ಪತ್ರೆಯ ಸರದಿ’ ಎಂಬ ಶಬ್ದ ಇಲ್ಲ, ನಿಜ. ಆದರೆ ಕಾಯಿದೆಯ ಆಶಯವನ್ನು ಬಲ್ಲವರು ಅದನ್ನು ಹೊರಗಿಡಲಾರರು.

ತಿಳಿಯದಿರುವುದರಿಂದ ಆಗುವ ಹಾನಿ ಎಷ್ಟು ಘೋರವೆಂಬುದನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವೇ ಕಂಡಿದೆ. 1992ರಲ್ಲಿ ಪಶ್ಚಿಮ ಬಂಗಾಳದ ಕೂಲಿಯೊಬ್ಬರು ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಒಂದು ಆಸ್ಪತ್ರೆಯಲ್ಲಿ ಸೌಕರ್ಯವಿಲ್ಲ, ಮತ್ತೊಂದರಲ್ಲಿ ಹಾಸಿಗೆ ಖಾಲಿಯಿಲ್ಲ. ಹೀಗೆ ಸರಕಾರಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಕಡೆಗೆ ಅವರು ಹಣ ತೆತ್ತು ಖಾಸಗಿ ಆಸ್ಪತ್ರೆ ಸೇರಬೇಕಾಯಿತು. 1996ರಲ್ಲಿ ನ್ಯಾಯಾಲಯವು ಇದು ಸಂವಿಧಾನದ 21ನೆಯ ಅನುಚ್ಛೇದವು ಕೊಟ್ಟ ಜೀವದ ಹಕ್ಕಿನ ಉಲ್ಲಂಘನೆಯೆಂದು ಸಾರಿ, 25,000 ರೂಪಾಯಿ ಪರಿಹಾರ ಕೊಡಿಸಿತು. ಅಷ್ಟಕ್ಕೆ ನಿಲ್ಲಲಿಲ್ಲ. ಎಲ್ಲಿ ಹಾಸಿಗೆ ಖಾಲಿಯಿದೆಯೆಂಬುದು ಕೂಡಲೇ ತಿಳಿದು ರೋಗಿಯನ್ನು ಅಲ್ಲಿಗೆ ಕಳುಹಿಸುವಂತಾಗಲು, ಸರಕಾರಿ ಆಸ್ಪತ್ರೆಗಳ ನಡುವೆ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಬೇಕೆಂದಿತು.

ಇದು ಆಗದ ಕೆಲಸವೆನ್ನುವಂತಿಲ್ಲ. ಕೋವಿಡ್ ಹಾವಳಿಯ 2020-21ರಲ್ಲಿ ಬೆಂಗಳೂರು, ದೆಹಲಿಗಳಲ್ಲಿ ಎಷ್ಟು ಹಾಸಿಗೆ ತುಂಬಿವೆ, ಎಷ್ಟು ಖಾಲಿ ಇವೆ ಎಂಬುದನ್ನು ಸರಕಾರದವರು ಅಂತರ್ಜಾಲದಲ್ಲಿ ಪ್ರಕಟಿಸಿದರು. ಆ ಅಂಕಿಗಳ ಬಗ್ಗೆ ತಕರಾರುಗಳೆದ್ದುದೂ ಉಂಟು. ಆದರೆ ಮನಸ್ಸಿದ್ದರೆ ಮಾರ್ಗವಿದೆಯೆಂಬುದು ಸಿದ್ಧವಾಯಿತು.

ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯ ಉದಾಹರಣೆಯನ್ನು ಇಲ್ಲಿ ನೋಡಬಹುದು. ತುರ್ತಲ್ಲದ ಚಿಕಿತ್ಸೆಗೆ ಕಾಯುತ್ತಿರುವವರಲ್ಲಿ ನೂರಕ್ಕೆ 92 ಮಂದಿಯ ಕಾಯುವಿಕೆ 18 ವಾರಗಳನ್ನು ಮೀರಬಾರದೆಂಬುದು ಅಲ್ಲಿನ ಗುರಿ. ಎಷ್ಟು ಮಂದಿ ಕಾಯುತ್ತಿದ್ದಾರೆಂಬುದು ಆಸ್ಪತ್ರೆವಾರು ಪ್ರತಿ ತಿಂಗಳೂ ಪ್ರಕಟವಾಗುತ್ತದೆ. 2016ರ ಬಳಿಕ ವರ್ಷಗಟ್ಟಲೆ ಆ ಗುರಿ ಈಡೇರಲಿಲ್ಲ. 2023ರಲ್ಲಿ ಪಟ್ಟಿಯು 70 ಲಕ್ಷವನ್ನು ಮೀರಿತ್ತು. ಪಟ್ಟಿಯನ್ನು ಇಳಿಸುವೆನೆಂದು ಆ ವರ್ಷ ಮಾತು ಕೊಟ್ಟ ಪ್ರಧಾನಿ ಋಷಿ ಸುನಕ್ ಅವರು, ಮಾತು ನಡೆಯಲಿಲ್ಲವೆಂದು 2024ರಲ್ಲಿ ತಾವೇ ಒಪ್ಪಿಕೊಳ್ಳಬೇಕಾಯಿತು. ಲೆಕ್ಕ ಪ್ರಕಟವಾದ ಮಾತ್ರಕ್ಕೆ ಸರದಿ ಕಿರಿದಾಗಲಿಲ್ಲ, ದಿಟ. ಆದರೆ ಲೆಕ್ಕ ಜನರ ಕೈಯಲ್ಲಿದ್ದುದರಿಂದ ಆಳುವವರು ಉತ್ತರ ಕೊಡದೆ ತಪ್ಪಿಸಿಕೊಳ್ಳಲಾಗಲಿಲ್ಲ.

‘ಲೆಕ್ಕ ಕೇಳಿದರೆ ಸುಳ್ಳು ಲೆಕ್ಕ ಬರೆಯುತ್ತಾರೆ’ ಎಂಬ ಆಕ್ಷೇಪಣೆಯುಂಟು. ಇದು ತಳ್ಳಿಹಾಕುವ ಮಾತಲ್ಲ. ಇಂಗ್ಲೆಂಡಿನಲ್ಲಿಯೇ ಒಂಬತ್ತು ಆಸ್ಪತ್ರೆ ಸಂಸ್ಥೆಗಳು ಸರದಿ ಪಟ್ಟಿಗಳನ್ನು ಅಕ್ರಮವಾಗಿ ತಿದ್ದಿದ್ದುವೆಂದು ಅಲ್ಲಿನ ರಾಷ್ಟ್ರೀಯ ಲೆಕ್ಕ ತಪಾಸಣಾ ಕಚೇರಿ 2001ರಲ್ಲಿ ವರದಿ ಮಾಡಿತು. ಆದರೆ ವಿಚಾರ ಮಾಡಿ ನೋಡಿ: ಬರೆದ ಸುಳ್ಳನ್ನು ಹಿಡಿಯಬಹುದು, ಬರೆಯದೇ ಇದ್ದುದನ್ನು ಹಿಡಿಯುವ ಬಗೆ ಹೇಗೆ? ಮೋಸ ನಡೆದೀತೆಂದು ಹೆದರಿ ಅಂಗಡಿಯಲ್ಲಿ ತಕ್ಕಡಿಯನ್ನೇ ಇಡಬಾರದೆನ್ನುವವರುಂಟೆ?

ಇನ್ನೊಂದು ಆಕ್ಷೇಪಣೆ, ಜನರ ಕೋಪ ವೈದ್ಯರ ಮೇಲೆ ತಿರುಗುತ್ತದೆಂಬುದು. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧ. ಅರಿವಳಿಕೆ ಕೊಡುವ ವೈದ್ಯರ ಹುದ್ದೆ ಖಾಲಿಯಿರುವುದರಿಂದ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗಿದೆಯೆಂದು ಫಲಕದಲ್ಲಿ ಬರೆದಿದ್ದರೆ, ಎದುರಿಗೆ ಸಿಕ್ಕ ದಾದಿಯ ಮೇಲೆ ಯಾರು ರೇಗುವರು? ಪ್ರಶ್ನೆ ಹೋಗಬೇಕಾದಲ್ಲಿಗೆ, ಹುದ್ದೆ ತುಂಬಬೇಕಾದವರಲ್ಲಿಗೆ, ಹೋಗುತ್ತದೆ.

ಬೇಕಾದುದು ಅಲ್ಪ. ಪ್ರತಿ ತಿಂಗಳ ಮೊದಲ ವಾರದಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಕನ್ನಡದಲ್ಲಿ ಒಂದು ಫಲಕ. ಅದರಲ್ಲಿ ವಿಭಾಗವಾರು ಮೂರು ಅಂಕಿಗಳು: ಎಷ್ಟು ಮಂದಿ ಕಾಯುತ್ತಿದ್ದಾರೆ, ಕಳೆದ ತಿಂಗಳು ಚಿಕಿತ್ಸೆ ಪಡೆದವರು ಸಾಮಾನ್ಯವಾಗಿ ಎಷ್ಟು ದಿನ ಕಾದರು, ಎಷ್ಟು ವೈದ್ಯರ ಹುದ್ದೆಗಳು ಖಾಲಿಯಿವೆ. ರೋಗಿಯ ಹೆಸರಾಗಲಿ ಕಾಯಿಲೆಯಾಗಲಿ ಬೇಡ.

ಅಲ್ಲಿಯವರೆಗೆ ವಿದ್ಯಾರ್ಥಿಗಳಾದ ನಾವು ಮಾಡಬಹುದಾದ ಕೆಲಸವೊಂದಿದೆ. ನಮ್ಮ ರಾಜ್ಯದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯವನ್ನು ಕುರಿತು 150 ಪದಗಳನ್ನು ಮೀರದಂತಿರಬೇಕು; ಶುಲ್ಕ 10 ರೂಪಾಯಿ; ಉತ್ತರಕ್ಕೆ 30 ದಿನಗಳ ಗಡುವು. ಬಡತನದ ರೇಖೆಗಿಂತ ಕೆಳಗಿನವರಿಗೆ ಶುಲ್ಕವೂ ಇಲ್ಲ. ಪರೀಕ್ಷೆಯಲ್ಲಿ ಪ್ರಜಾಪ್ರಭುತ್ವವನ್ನು ಕುರಿತು ಪುಟಗಟ್ಟಲೆ ಬರೆಯುವ ನಮಗೆ ನೂರೈವತ್ತು ಪದಗಳು ಭಾರವೆ? ರಾಜ್ಯಶಾಸ್ತ್ರದ ಗುರುಗಳು ತರಗತಿಗೊಂದರಂತೆ ಅಂಥ ಅರ್ಜಿ ಬರೆಸಿದರೆ ನಮಗೆ ಪಾಠವೂ ಆದೀತು, ಊರಿಗೆ ಉಪಕಾರವೂ ಆದೀತು. ಓದಿದವರ ಮನೆಯಲ್ಲಿ ಇಂಥ ಅರ್ಜಿ ಬರೆಯುವವರು ಹೇಗೂ ಇರುತ್ತಾರೆ. ಓದದವರ ಮನೆಗಳಿಂದ ಬಂದ ನಾವು ಬರೆಯದಿದ್ದರೆ, ನಮ್ಮವರ ಪರವಾಗಿ ಬರೆಯುವವರು ಮತ್ತಾರು?