ಕಲಬೆರಕೆಯನ್ನು ಕಾಣುವ ಗಾಜಿನ ಎಳೆ

ಮಾನ್ವಿಯ ಭತ್ತದ ಗದ್ದೆಗಿಳಿಯುವ ಟ್ರ್ಯಾಕ್ಟರು, ದೇವದುರ್ಗದ ಕಡೆಯಿಂದ ಹತ್ತಿ ಹೇರಿಕೊಂಡು ರಾಯಚೂರಿನ ಮಾರುಕಟ್ಟೆಗೆ ಬರುವ ಲಾರಿ, ನಮ್ಮ ಮನೆಯಂಗಳದ ಮೋಟಾರು ಸೈಕಲ್ಲು, ಇವೆಲ್ಲವೂ ಓಡುವುದು ಬಂಕಿನವರ ಮೇಲಿಟ್ಟ ನಂಬಿಕೆಯಿಂದ. ಹಾಲಿಗೆ ನೀರು ಬೆರೆತರೆ ಮನೆಯ ತಾಯಂದಿರು ಕೂಡಲೇ ಅರಿಯುತ್ತಾರೆ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆತರೆ ಕಣ್ಣಿಗೆ ಸುಲಭವಾಗಿ ಕಾಣದು. ಇಂಜಿನ್ನಿನೊಳಗೆ ಮಸಿ ಕಟ್ಟಿ, ಹೊಗೆ ಹೆಚ್ಚಿ, ದುರಸ್ತಿಯ ಖರ್ಚು ಬಂದೆರಗಿದಾಗಲೇ ಅದು ತಿಳಿಯುವುದು.

ಈ ಗುಟ್ಟನ್ನು ಬೆಳಕು ಬಯಲಿಗೆಳೆಯಬಲ್ಲುದು. ನೀರಿನಲ್ಲಿ ಅದ್ದಿದ ಕೋಲು ಬಾಗಿದಂತೆ ಕಾಣುವುದನ್ನು ನಾವೆಲ್ಲರೂ ಬಲ್ಲೆವು. ಬೆಳಕನ್ನು ಹೀಗೆ ಬಾಗಿಸುವ ಗುಣದ ಅಳತೆಗೆ ವಕ್ರೀಭವನ ಸೂಚ್ಯಂಕವೆಂದು ಹೆಸರು. ಪೆಟ್ರೋಲಿಗೆ ಅದು ಸುಮಾರು 1.42, ಸೀಮೆಎಣ್ಣೆಗೆ ಸುಮಾರು 1.44. ದೂರವಾಣಿಯ ಮಾತನ್ನು ಹೊತ್ತೊಯ್ಯುವ ಆಪ್ಟಿಕಲ್ ಫೈಬರ್ ಎಂಬ ಕೂದಲೆಳೆಯಂಥ ಗಾಜಿನ ತಂತುವಿನ ಹೊರಕವಚವನ್ನು ಒಂದಿಷ್ಟು ಭಾಗದಲ್ಲಿ ತೆಗೆದು, ಆ ಭಾಗವನ್ನು ಇಂಧನದಲ್ಲಿ ಮುಳುಗಿಸಿ ಬೆಳಕು ಹಾಯಿಸುತ್ತಾರೆ. ದ್ರವದ ಸೂಚ್ಯಂಕವು ಗಾಜಿನ ಸೂಚ್ಯಂಕಕ್ಕೆ ಸಮೀಪವಾದಷ್ಟೂ ಹೆಚ್ಚು ಬೆಳಕು ಹೊರಗೆ ಸೋರುತ್ತದೆ. ಆದುದರಿಂದ ಸೀಮೆಎಣ್ಣೆ ಬೆರೆತಿದ್ದರೆ ಇನ್ನೊಂದು ತುದಿಯಲ್ಲಿ ಬೆಳಕು ಕುಗ್ಗುತ್ತದೆ. ಇಂಧನದೊಳಗೆ ವಿದ್ಯುತ್ ಹರಿಯದ ಕಾರಣ ಕಿಡಿ ಹಾರುವ ಭಯವಿಲ್ಲ.

ಇದಕ್ಕೂ ಒಂದು ಮಿತಿಯುಂಟು. ಇಂದು ಪೆಟ್ರೋಲಿಗೆ ಕಾನೂನುಬದ್ಧವಾಗಿಯೇ ಬೆರೆಸುವ ಎಥನಾಲಿನ ಸೂಚ್ಯಂಕ ಸುಮಾರು 1.36. ಅದು ಒಟ್ಟು ಅಂಕವನ್ನು ತಗ್ಗಿಸುತ್ತದೆ, ಸೀಮೆಎಣ್ಣೆ ಏರಿಸುತ್ತದೆ. ಹೀಗಾಗಿ ಈ ಒಂದೇ ಅಳತೆಯನ್ನು ನಂಬಿ ತೀರ್ಪು ಕೊಡುವಂತಿಲ್ಲ.

ಅಲ್ಲದೆ, ಉಪಕರಣವು ಮೋಸವನ್ನು ತೋರಿಸಬಲ್ಲುದು, ತಡೆಯಬೇಕಾದವನು ಮನುಷ್ಯನೇ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಎಸ್. ಮಂಜುನಾಥ ಅವರು ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆಯ ಬಂಕಿಗೆ ಬೀಗಮುದ್ರೆ ಹಾಕಿಸಿದ ಅವರನ್ನು 2005ರ ನವೆಂಬರ್ 19ರಂದು ಗುಂಡಿಟ್ಟು ಕೊಲ್ಲಲಾಯಿತು. ಆಗ ಅವರಿಗೆ 27 ವರ್ಷ. 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆರು ಮಂದಿ ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕಾಯಕನಿಷ್ಠೆಗೆ ಒಬ್ಬ ತರುಣನು ತೆತ್ತ ಬೆಲೆ ಇದು.

ಓದುಗ ಬಾಂಧವರೇ, ಅವರಂತೆ ಪ್ರಾಣವನ್ನು ಪಣಕ್ಕಿಡಬೇಕೆಂದು ಯಾರೂ ನಮ್ಮನ್ನು ಕೇಳುತ್ತಿಲ್ಲ. ಒಂದು ಪ್ರಶ್ನೆ ಕೇಳಿದರೆ ಸಾಕು. ಬಂಕಿನಲ್ಲಿ ಫಿಲ್ಟರ್ ಕಾಗದ ಕೇಳಿ ಪಡೆಯುವುದು ಗ್ರಾಹಕನ ಹಕ್ಕು. ನಳಿಕೆಯ ಬಾಯನ್ನು ಒರೆಸಿ, ಕಾಗದದ ಮೇಲೆ ಒಂದು ಹನಿ ಪೆಟ್ರೋಲು ಬಿಡಿರಿ. ಸುಮಾರು ಎರಡು ನಿಮಿಷದಲ್ಲಿ ಅದು ಕಲೆಯುಳಿಸದೆ ಆರಿಹೋಗಬೇಕು; ಜಿಡ್ಡಿನ ಕಲೆ ಉಳಿದರೆ ಸಂಶಯಕ್ಕೆ ಎಡೆಯುಂಟು. ಡೀಸೆಲ್ ಕೊಳ್ಳುವ ರೈತರು ಸಾಂದ್ರತೆಯನ್ನು ಅಳೆದು ತೋರಿಸಲು ಕೇಳಬಹುದು. 15 ಡಿಗ್ರಿ ಉಷ್ಣತೆಗೆ ಲೆಕ್ಕ ಹಾಕಿದಾಗ ಬರುವ ಅಂಕವು ಬಂಕಿನ ದಾಖಲೆಯ ಅಂಕಕ್ಕಿಂತ ಘನಮೀಟರಿಗೆ 3 ಕಿಲೋಗ್ರಾಮಿಗೂ ಮೀರಿ ವ್ಯತ್ಯಾಸವಾಗಿದ್ದರೆ ದೂರು ಬರೆಯಿರಿ.

ಗಾಜಿನ ಎಳೆ ನಮ್ಮೂರಿನ ಬಂಕಿಗೆ ಬಂದಾಗ ಬರಲಿ. ಅಲ್ಲಿಯವರೆಗೆ, ಕೇಳುವ ಗ್ರಾಹಕನ ಮುಂದೆ ಬೆರೆಸುವ ಕೈ ಹಿಂಜರಿಯುತ್ತದೆ ಎಂಬುದನ್ನು ಮರೆಯದಿರೋಣ.